ಕಟ್ಟು ಬಿಚ್ಚಿದವಳು

"ಮೇಡಂ, ನಿಮ್ಮ ಕನ್ನಡಿ ಸ್ವಲ್ಪ ತಿರುಗಿಸ್ತೀರಾ? ಬಿಸಿಲು ಹೊಡೆದು ನನ್ನ ಗಿರಾಕಿ ಕಣ್ಣು ಮುಚ್ಕೊಂಡು ಕೂತಿದಾರೆ."

ಎದುರು ಸಲೂನಿನವನು ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಬೀದಿ ದಾಟಿ ಬಂದು ಕನ್ನಡಕದಂಗಡಿಯ ಬಾಗಿಲಲ್ಲಿ ನಿಂತಿದ್ದ. ಅವಳು ಒಬ್ಬ ಅಜ್ಜನ ಕಿವಿಯ ಹಿಂದೆ ಫ್ರೇಮಿನ ಕಡ್ಡಿ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಮುಚ್ಕೊಂಡಿದ್ರೆ ನಿಮಗೇ ಒಳ್ಳೇದಲ್ವಾ? ನೀವು ಮಾಡಿದ್ದು ಅವರಿಗೆ ಕಾಣಲ್ಲ."

ಅಜ್ಜ ಬೊಚ್ಚು ಬಾಯಿ ಬಿಟ್ಟು ನಕ್ಕ. ಸಲೂನಿನವನು ನಗಲಿಲ್ಲ. ಆದರೆ ನಗು ತಡೆದುಕೊಂಡದ್ದು ಅವನ ಮೀಸೆಯ ತುದಿಯಲ್ಲಿ ಅವಳಿಗೆ ಕಂಡುಬಿಟ್ಟಿತು. ಅವಳ ಕಣ್ಣು ಅಂಥದ್ದು. ಗಿರಾಕಿ ಬಾಗಿಲು ದಾಟುವ ಮೊದಲೇ ಎಡಗಣ್ಣಿಗೆ ಎಷ್ಟು ನಂಬರು ಎಂದು ಊಹಿಸುತ್ತಿದ್ದಳು. ಕಾಣದ್ದನ್ನು ಕಾಣುವ ತನಕ ಸುಮ್ಮನಿರದ ಹುಡುಗಿ ಎಂದು ಮನೆಯಲ್ಲಿ ಬೈಸಿಕೊಂಡೇ ಬೆಳೆದವಳು.

ಕನ್ನಡಿ ತಿರುಗಿಸಿದಳು. ಬಿಸಿಲೇನೋ ಹೋಯಿತು. ಬದಲಿಗೆ ಅವಳ ಕನ್ನಡಿಯೊಳಗೆ ಅವನ ಸಲೂನಿನ ಕನ್ನಡಿ ಬಂದು ಕೂತಿತು, ಅದರೊಳಗೆ ಅವನು. ಅವನು ಗಿರಾಕಿಯ ತಲೆಯ ಮೇಲಿಂದ ಕಣ್ಣೆತ್ತಿದರೆ ಅವಳು ಕಾಣುತ್ತಿದ್ದಳು. ಬೆನ್ನಿಗೆ ಬೆನ್ನು ಕೊಟ್ಟುಕೊಂಡೇ ಇಬ್ಬರೂ ಇಡೀ ದಿನ ಒಬ್ಬರನ್ನೊಬ್ಬರು ನೋಡುವುದನ್ನು ಕಲಿತರು. ಅವನು ಹುಬ್ಬು ಹಾರಿಸಿದರೆ ಅವಳು ಮೂಗು ಮುರಿಯುವಳು. ಅವಳು ತುಟಿ ಕಚ್ಚಿದರೆ ಯಾರದೋ ಒಂದು ಕಡೆಯ ಕೃತಾವು ಇನ್ನೊಂದಕ್ಕಿಂತ ಮೇಲೇರುವುದು. ಆ ಬೀದಿಯಲ್ಲಿ ಸೊಟ್ಟ ಕೃತಾವಿನವರ ಸಂಖ್ಯೆ ಹೆಚ್ಚಾದಾಗ ವಿಷಯ ಎಲ್ಲರಿಗೂ ಗೊತ್ತಾಯಿತು. ಪ್ರೀತಿಸುತ್ತಿದ್ದ ಇಬ್ಬರಿಗೆ ಗೊತ್ತಾದದ್ದು ಕೊನೆಗೆ.

ಅವನು ಅವಳನ್ನು ಕನ್ನಡಕ ಎಂದು ಕರೆಯುತ್ತಿದ್ದ. ಅವಳು ಅವನನ್ನು ಕತ್ತರಿ ಎನ್ನುತ್ತಿದ್ದಳು.

"ಕನ್ನಡಕ, ನಾನು ನಿನ್ನ ಕಣ್ಣಿಗೆ ಹೇಗೆ ಕಾಣ್ತೀನಿ?"

"ಎರಡು ಬಿಳಿ ಕೂದಲು. ಬಲಗಿವಿ ಮೇಲೆ. ಬೇರೆಯೋರದ್ದೆಲ್ಲಾ ಬೋಳಿಸ್ತೀಯ, ನಿಂದು ನಿನಗೆ ಕಾಣಲ್ಲ."

"ನೀನಿದೀಯಲ್ಲ ನೋಡಕ್ಕೆ."

ಹೀಗಿರುವಾಗ ಅವಳಿಗೆ ಬೇರೆ ಊರಲ್ಲಿ ಕಣ್ಣು ಪರೀಕ್ಷೆಯ ಕೋರ್ಸಿಗೆ ಸೀಟು ಸಿಕ್ಕಿತು. ಎರಡು ವರ್ಷ ಓದಿದರೆ ಫ್ರೇಮು ಮಾರುವುದು ಬಿಟ್ಟು ತಾನೇ ಕಣ್ಣು ನೋಡಬಹುದು. ಎಷ್ಟೋ ಕಾಲದ ಆಸೆ. ಅವನು ಕೇಳಿ ಖುಷಿಪಟ್ಟ, ಬೀದಿಗೆಲ್ಲ ಸಿಹಿ ಹಂಚಿದ. ಆಮೇಲೆ ಕನ್ನಡಿಯಲ್ಲಿ ಅವನ ಮುಖ ಸಣ್ಣದಾಯಿತು. ಎರಡು ವರ್ಷದಲ್ಲಿ ಡಾಕ್ಟರರಂತೆ ಬಿಳಿ ಕೋಟು ಹಾಕುವವಳು ತನ್ನ ಕುರ್ಚಿಯ ಕಡೆ ಮತ್ತೆ ತಿರುಗಿ ನೋಡುತ್ತಾಳೆಯೇ ಎಂಬ ಹುಳ ಅವನ ತಲೆ ಹೊಕ್ಕಿತ್ತು. ಅದೂ ಅವಳಿಗೆ ಕಂಡಿತು.

ಅದೇ ವಾರ ಅವನ ಸ್ಕೂಟರು ಜಾರಿತು. ಮೊಣಕಾಲಿನ ಕೆಳಗಿನ ಮೂಳೆ ಎರಡು ತುಂಡು. ಆಪರೇಷನ್ ಮಾಡಿ ಒಳಗೆ ಸ್ಟೀಲ್ ಪ್ಲೇಟು ಕೂರಿಸಿ ಸ್ಕ್ರೂ ಬಿಗಿದರು.

ಅವನನ್ನು ವಾರ್ಡಿಗೆ ತಂದ ಮೇಲೆ ಅವಳು ಅಂಗಡಿಯಿಂದ ನೇರ ಓಡಿದಳು. ಅವಳ ಬಾಯಲ್ಲಿ ಒಂದು ಮಾತು ಸಿದ್ಧವಾಗಿತ್ತು. ದಾರಿಯುದ್ದಕ್ಕೂ ಅದನ್ನು ಹೇಳಿ ಹೇಳಿ ನೋಡಿಕೊಂಡಿದ್ದಳು. ಮೊದಲು ಮದುವೆ ಆಗೋಣ, ಆಮೇಲೆ ನೀನೂ ನನ್ನ ಜೊತೆ ಬಾ, ಕೂದಲು ಎಲ್ಲಾ ಊರಲ್ಲೂ ಬೆಳೆಯುತ್ತೆ.

ಹೇಳುವಷ್ಟರಲ್ಲಿ ಅವನು ಕಾಲು ತೋರಿಸಿದ.

"ಒಳಗೆ ಸ್ಟೀಲ್ ಇದೆ. ನಿನ್ನ ಅಂಗಡಿ ಫ್ರೇಮುಗಳಿಗಿಂತ ಗಟ್ಟಿ."

"ಹೊಲಿಗೆ ಹೇಗೆ ಹಾಕಿದಾರೆ? ನೋಡ್ಲಾ?"

"ಬಿಚ್ಚಬಾರ್ದಂತೆ."

"ಬಿಚ್ಚಲ್ಲ. ಇಣುಕ್ತೀನಿ ಅಷ್ಟೆ."

ಬಿಚ್ಚಿದಳು. ಕಟ್ಟಿನ ಅಂಚನ್ನು ಮೆಲ್ಲಗೆ ಸರಿಸಿ, ಅಂಟುಪಟ್ಟಿಯ ತುದಿ ಎತ್ತಿ, ಬಗ್ಗಿ ನೋಡಿದಳು. ಕೈಯಲ್ಲಿ ಇನ್ನೂ ಲೆನ್ಸ್ ಉಜ್ಜಿದ ಧೂಳಿತ್ತು. ಹೊಲಿಗೆಯ ಸಾಲಿನ ಸುತ್ತ ಕಾಲು ನುಣ್ಣಗೆ ಹೊಳೆಯುತ್ತಿತ್ತು.

"ಅಯ್ಯೋ, ಒಂದು ಕೂದಲೂ ಇಲ್ಲ. ನನ್ನ ಕೆನ್ನೆನೂ ಇಷ್ಟು ನುಣ್ಣಗಿಲ್ಲ."

"ಆಪರೇಷನ್ ಹಿಂದಿನ ಸಂಜೆ ನಾನೇ ಮಾಡ್ಕೊಂಡೆ, ನನ್ನದೇ ರೇಜರ್‌ನಲ್ಲಿ. ಇವರು ಮೆಷಿನ್ ತರ್ತಾರಂತೆ, ಕುರಿಗೆ ಹಿಡಿದ ಹಾಗೆ. ಮಾಸ್ಟರ್ ಕಾಲಿಗೆ ಬೇರೆಯೋರ ಕೈಯಾ? ಮರ್ಯಾದೆ ಪ್ರಶ್ನೆ."

ಇಬ್ಬರೂ ನಕ್ಕರು. ಅವಳು ಗಾಯದ ಪಕ್ಕದಲ್ಲಿ ಒಂದು ಬೆರಳಿಟ್ಟಳು, ಮುಟ್ಟಿದರೆ ನೋಯುತ್ತದೋ ಎಂದು ನೋಡಲು. ಅಷ್ಟರಲ್ಲಿ ಅವನ ಅಮ್ಮ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನೇ ಅದು, ಕಟ್ಟು ಬಿಚ್ಚಿದೀಯಾ?"

ಸಿದ್ಧವಾಗಿದ್ದ ಮಾತು ಗಂಟಲಲ್ಲೇ ಉಳಿಯಿತು.

ಹೊಲಿಗೆ ಒಣಗಲಿಲ್ಲ. ಕಾಲು ಕೆಂಪಾಯಿತು, ಬಿಸಿಯಾಯಿತು, ಜ್ವರ ಬಂತು, ಕೀವು ಒಸರಿತು. ಮತ್ತೆ ಮತ್ತೆ ಕೊಯ್ದು ತೊಳೆದರು. ವಾರಗಟ್ಟಲೆ ನರಕ್ಕೆ ಔಷಧಿ ಏರಿಸಿದರು. ಸರ್ಜನ್ ತಿಳಿಸಿ ಹೇಳಿದ್ದರು: ಔಷಧಿ ಹೋಗೋದು ರಕ್ತದ ಜೊತೆ, ಸ್ಟೀಲಿನಲ್ಲಿ ರಕ್ತ ಓಡಲ್ಲ, ಕ್ರಿಮಿ ಅದರ ಮೇಲೆ ಮನೆ ಕಟ್ಟಿಕೊಂಡರೆ ಬಿಡಿಸೋದು ಕಷ್ಟ, ಪ್ಲೇಟು ತೆಗೆಯೋಣ ಅಂದರೆ ಮೂಳೆ ಇನ್ನೂ ಕೂಡಿಲ್ಲ. ಮೂಳೆ ಕೂಡಲೂ ಇಲ್ಲ. ನಿಂತು ದುಡಿಯುವವನು ಮಲಗಿಬಿಟ್ಟ.

"ಮುಟ್ಟಿದಳಲ್ಲ, ಮಹಾತಾಯಿ. ಧೂಳಿನ ಕೈಯಲ್ಲಿ ಮುಟ್ಟಿದಳು," ಎಂದು ಅಮ್ಮ ಬಂದವರಿಗೆಲ್ಲ ಹೇಳಿದರು. ಅವಳ ಎದುರಿಗೇ ಹೇಳಿದರು. ಮನಸ್ಸಿನಲ್ಲಿ ಮಾತ್ರ ಅವರನ್ನು ಅತ್ತೆ ಎಂದು ಕರೆದು ನೋಡಿಕೊಂಡಿದ್ದ ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು.

"ಬಿಡಮ್ಮಾ, ಆದದ್ದಾಯ್ತು," ಅನ್ನುತ್ತಿದ್ದ ಅವನು.

ಎಷ್ಟು ದೊಡ್ಡ ಮನಸ್ಸು ಎಂದು ಅವಳಿಗೆ ಅಳು ಬರುತ್ತಿತ್ತು. ಆದದ್ದಾಯ್ತು ಅನ್ನುವುದರಲ್ಲಿ ಕ್ಷಮೆ ಇತ್ತು. ಕ್ಷಮೆ ಇದ್ದ ಮೇಲೆ ತಪ್ಪೂ ಇರಲೇಬೇಕಲ್ಲ.

ಸೀಟು ಬಿಟ್ಟಳು. ಯಾರೂ ಬಿಡು ಎನ್ನಲಿಲ್ಲ, ಬೇಡ ಎಂದೂ ಯಾರೂ ತಡೆಯಲಿಲ್ಲ. ಬೆಳಗ್ಗೆ ಅವನನ್ನು ಡ್ರೆಸ್ಸಿಂಗಿಗೆ ಕರೆದುಕೊಂಡು ಆಸ್ಪತ್ರೆ, ಮಧ್ಯಾಹ್ನ ಅಂಗಡಿ, ಸಂಜೆ ಮತ್ತೆ ಅವನ ಮನೆ. ಮಾತ್ರೆಗೆ ವಾಂತಿ ಮಾಡಿದರೆ ಬೋಗುಣಿ ಹಿಡಿದಳು. ಅವನ ಹತ್ತಿರ ಹೋಗುವ ಮೊದಲು ಸೋಪಿನಲ್ಲಿ ಕೈ ತೊಳೆದೂ ತೊಳೆದೂ ಬೆರಳ ಸಂದಿಗಳು ಬಿರಿದವು. ಕಿವಿಯ ಹಿಂದೆ ಕಡ್ಡಿ ಸರಿಮಾಡುವಾಗ ಗಿರಾಕಿಗಳು, "ಕೈ ಯಾಕಮ್ಮಾ ಇಷ್ಟು ಒರಟು?" ಎಂದು ಕೇಳತೊಡಗಿದರು.

ಅವನೂ ಆ ಬೆರಳುಗಳನ್ನು ಹಿಡಿದು ಎಣ್ಣೆ ಸವರುತ್ತಿದ್ದ. ಆಗೊಮ್ಮೆ ಈಗೊಮ್ಮೆ ಅವಳ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ನೋವಿರಬೇಕು ಎಂದುಕೊಳ್ಳುತ್ತಿದ್ದಳು.

ಮೊದಲು ಅವನು ನಕ್ಕರೆ ಅವಳ ಎದೆ ಹಾರುತ್ತಿತ್ತು. ಈಗ ಅವನು ನಕ್ಕರೆ ಶಿಕ್ಷೆ ಸ್ವಲ್ಪ ಕಡಿಮೆಯಾದ ಹಾಗೆ ಸಮಾಧಾನ. "ಹೊಸ ಪ್ಲೇಟ್ ಹಾಕಿ ನಾನು ಎದ್ದು ನಿಂತ್ಕೊಂಡ ಮೇಲೆ ಮದುವೆ," ಎಂದು ಅವನು ಹೇಳಿದಾಗ ಹೂಂ ಎಂದಳು. ಆದರೆ ಮಲಗಿದರೆ ಒಂದೇ ಪ್ರಶ್ನೆ. ಇವನನ್ನು ಕಟ್ಟಿಕೊಳ್ಳುವುದು ಪ್ರೀತಿಗೋ, ಪ್ರಾಯಶ್ಚಿತ್ತಕ್ಕೋ? ಯಾರ ಕಣ್ಣಿನ ನಂಬರನ್ನಾದರೂ ಹೇಳಬಲ್ಲವಳು ತನ್ನ ಮನಸ್ಸನ್ನು ಓದಲಾರದೆ ಹೋದಳು.

ವರ್ಷ ಕಳೆದ ಮೇಲೆ ಕೊನೆಗೆ ಹೊಸ ಪ್ಲೇಟಿನ ಆಪರೇಷನ್ನಿನ ಬೆಳಗು ಬಂತು. ಒಳಗಿನ ಸೋಂಕು ಹೋಗಿದೆ, ಹಳೇ ಪ್ಲೇಟು ತೆಗೆದು ಹೊಸದು ಕೂರಿಸಬಹುದು ಎಂದಿದ್ದರು. ಅಮ್ಮ ಚಹಾ ತರಲು ಕೆಳಗೆ ಹೋಗಿದ್ದರು. ಸರ್ಜನ್ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಹಸನ್ಮುಖಿ, ಹೆಂಗಸು, ವಯಸ್ಸಾದವರು.

"ಏನ್ ಮಾಸ್ಟರ್, ಈ ಸಲ ರೇಜರ್ ಮುಟ್ಟಿಲ್ಲ ತಾನೆ?"

ಅವನ ಕುತ್ತಿಗೆ ಕೆಂಪಾಯಿತು.

"ರೇಜರ್ ಮುಟ್ಟಿದ್ರೆ ಏನಾಗುತ್ತೆ ಡಾಕ್ಟ್ರೇ?" ಎಂದು ಅವಳು ಕೇಳಿದಳು.

"ಇವರು ಹೇಳಿಲ್ವಾ? ಬ್ಲೇಡ್ ಆಡಿಸಿದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತೆ. ಅದರಲ್ಲಿ ಕ್ರಿಮಿ ಬೆಳೆಯುತ್ತೆ. ಅದಕ್ಕೇ ನಾವು ಮೆಷಿನ್‌ನಲ್ಲಿ ಕತ್ತರಿಸೋದು. ಮೊದಲನೇ ಸಲ ಟೇಬಲ್ ಮೇಲೆ ಮಲಗ್ಸಿದಾಗ ಕಾಲೆಲ್ಲಾ ಗೀರು. ಒಂದೆರಡು ದಿನ ಮುಂದಕ್ಕೆ ಹಾಕ್ಬೇಕಿತ್ತು, ಹಾಕಲಿಲ್ಲ, ನಮ್ಮದೂ ತಪ್ಪೇ. ನೂರಕ್ಕೆ ನೂರು ಇದೇ ಕಾರಣ ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ನನ್ನ ಲೆಕ್ಕ ಅದೇ."

"ಹಾಗಾದ್ರೆ ಕಟ್ಟು ಬಿಚ್ಚಿದ್ದು?"

"ಓ, ಆ ಹುಡುಗಿ ನೀವೇನಾ? ಇವರು ಆಗ್ಲೇ ಕೇಳಿದ್ರು, ಅದರಿಂದಲಾ ಅಂತ. ಕೀವು ಬಂದಿದ್ದು ಆಳದಿಂದ, ಪ್ಲೇಟಿನ ಹತ್ತಿರದಿಂದ. ಪಾಪ, ಆ ಹುಡುಗೀನ ಬೈಬೇಡಿ, ಇದು ನಿಮ್ಮ ಕೈಕೆಲಸ ಅಂದಿದ್ದೆ. ಏನ್ ಮಾಸ್ಟರ್, ಹೇಳಿದ್ದೆ ತಾನೆ?"

ಅವನು ಹೌದೆಂದು ತಲೆ ಆಡಿಸಿದ. ಸರ್ಜನ್ ಅವನ ಭುಜ ತಟ್ಟಿ ಎದ್ದು ಹೋದರು.

ಅವಳು ಅವನ ಕಡೆಗೆ ತಿರುಗಿದಳು.

"ಯಾವಾಗ ಕೇಳಿದ್ದೆ?" ಅಂದಳು.

"ಮೊದಲನೇ ಸಲ ತೊಳೆದಾಗ."

"ನಾನು ಸೀಟು ಬಿಡೋಕೆ ಮುಂಚೆ."

"ಹೂಂ."

"ನಿಮ್ಮಮ್ಮ ಬಾಯಿಗೆ ಬಂದದ್ದು ಅಂತಿದ್ರು. ನೀನು ಪಕ್ಕದಲ್ಲೇ ಮಲಗಿದ್ದೆ."

"ಹೇಳಿದ್ರೆ ನೀನು ಹೋಗಿಬಿಡ್ತಿದ್ದೆ ಕಣೇ," ಅಂದ ಅವನು. "ನೀನು ಅಲ್ಲಿ ಓದ್ಕೊಂಡು ದೊಡ್ಡೋಳಾಗ್ತೀಯ, ನಾನಿಲ್ಲಿ ಕುಂಟ. ಯಾಕೆ ತಿರುಗಿ ಬರ್ತಿದ್ದೆ? ದಿನಾ ಹೇಳ್ಬೇಕು ಅನ್ಸೋದು. ನೀನು ಬಾಗಿಲಲ್ಲಿ ಕಂಡ ಕೂಡ್ಲೇ, ಇವತ್ತೊಂದು ದಿನ ಇರ್ಲಿ ಅನ್ಸೋದು. ನಿನ್ನ ಕಂಡ್ರೆ ಅಷ್ಟು ಆಸೆ ನನಗೆ."

ಸುಳ್ಳಲ್ಲ, ಅವಳಿಗೂ ಗೊತ್ತಿತ್ತು. ಇಷ್ಟು ನಿಜವಾದ ಪ್ರೀತಿ ಇಷ್ಟು ಕೆಟ್ಟ ಕೆಲಸ ಮಾಡಬಲ್ಲದು ಎಂದು ಮಾತ್ರ ಗೊತ್ತಿರಲಿಲ್ಲ.

"ಅವತ್ತು ನಾನು ಯಾಕೆ ಬಂದಿದ್ದೆ ಗೊತ್ತಾ? ಮದುವೆ ಆಗಿ ಜೊತೆಗೆ ಹೋಗೋಣ ಅನ್ನಕ್ಕೆ. ಕೂದಲು ಎಲ್ಲಾ ಊರಲ್ಲೂ ಬೆಳೆಯುತ್ತೆ ಅನ್ನಕ್ಕೆ. ಆಮೇಲೆ ಹೇಳೋಕೆ ನಾಲಿಗೆ ಬರಲಿಲ್ಲ. ತಪ್ಪು ಮಾಡಿದೋಳು ಕರೆದ್ರೆ ಅದು ಕರೆದ ಹಾಗೇನಾ?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳಿಗೆ ಆ ಕೈಗಳನ್ನು ಬಿಡಿಸಿ ಹಿಡಿದುಕೊಳ್ಳಬೇಕು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಒಂದು ಕೆಲಸ ಮಾಡು ಕತ್ತರಿ. ಅಮ್ಮ ಬರ್ತಾರೆ ಈಗ. ಅವರಿಗೆ ಹೇಳು. ಬೇರೇನೂ ಬೇಡ. ಇವಳಲ್ಲ ಅಮ್ಮಾ, ನಾನು. ಅಷ್ಟೇ ಹೇಳು."

"ಹೇಳ್ತೀನಿ."

ಅಮ್ಮ ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಸ್ಟೂಲಿನ ಮೇಲೆ ಕೂತರು. ಮಗನ ಮುಖ ನೋಡಿ, ಅವಳ ಮುಖ ನೋಡಿ, "ಮತ್ತೆ ಏನು ಮುಟ್ಟಿದಳು?" ಎಂದು ಕೇಳಿದರು.

ಅವನು ಬಾಯಿ ತೆರೆದ. ಅವಳು ಕಾದಳು. ಒಂದು ವರ್ಷದ ಬೈಗುಳವನ್ನೆಲ್ಲ ಆ ಒಂದು ಮಾತಿಗೆ ಬಿಟ್ಟುಕೊಡಲು ಸಿದ್ಧಳಾಗಿ, ಆಸೆಯಿಂದಲೇ ಕಾದಳು. ಹೇಳಿಬಿಟ್ಟರೆ ಉಳಿದುಬಿಡುತ್ತಿದ್ದಳು. ಅಷ್ಟು ಸಸ್ತಾ ಆಗಿಬಿಟ್ಟಿದ್ದಳು ಅವನ ವಿಷಯದಲ್ಲಿ.

"ಏನಿಲ್ಲಮ್ಮಾ," ಅಂದ ಅವನು. "ನೀನು ಚಹಾ ಕುಡಿ, ಆರಿಹೋಗುತ್ತೆ."

ಅವಳು ಬ್ಯಾಗು ತೆಗೆದುಕೊಂಡಳು. ಅದರೊಳಗಿದ್ದ ಅವನ ಮಾತ್ರೆ, ಟವೆಲು, ಬಾಚಣಿಗೆ ತೆಗೆದು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಸಿಸ್ಟರ್ ಮೆಷಿನ್ ಹಿಡಿದು ಕಾಲಿನ ಕೂದಲು ತೆಗೆಯಲು ಬಂದು ಅಭ್ಯಾಸದಂತೆ ಕೇಳಿದಳು: "ಪೇಷಂಟ್ ಕಡೆಯೋರು ಯಾರಿದೀರಾ?"

ಇಷ್ಟು ದಿನವೂ ಅದಕ್ಕೆ 'ನಾನು' ಎಂದವಳು ಅವಳೇ. ಅಭ್ಯಾಸಬಲದಿಂದ ಅಮ್ಮನೂ ಅವಳ ಕಡೆಗೇ ನೋಡಿದರು.

"ಅವರ ತಾಯಿ ಇದಾರೆ," ಅಂದಳು.

"ಕನ್ನಡಕ," ಎಂದು ಅವನು ಮೆಲ್ಲಗೆ ಕರೆದ.

ತಿರುಗಿದಳು. ಬಲಗಿವಿಯ ಮೇಲೆ ಬಿಳಿ ಕೂದಲು ಈಗ ಎರಡಲ್ಲ, ಒಂದು ಹಿಡಿ. "ಈ ಸಲ ಚೆನ್ನಾಗಿ ಒಣಗಲಿ," ಎಂದಳು. ಮನಸಾರೆ ಹೇಳಿದ ಮಾತು. ಹೇಳಿ ಹೊರಗೆ ಬಂದಳು.

ಬಂದವಳು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಕೆಳಗೆ ಔಷಧಿ ಅಂಗಡಿಯ ಪಕ್ಕದ ಬೆಂಚಿನ ಮೇಲೆ ಕೂತಳು. ಜನ ಬಂದರು, ಹೋದರು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು "ನಿಮ್ಮೋರು ಯಾರು ಒಳಗಿರೋದು?" ಎಂದು ಕೇಳಿದಳು. ಇವಳು ಹೇಳಲು ಹೋಗಿ, ಆಗದೆ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಿಸಿಲು ಮೆಟ್ಟಿಲಿಳಿದು ಅಂಗಳಕ್ಕೆ ಹೋಯಿತು. ಅವಳು ಕೂತೇ ಇದ್ದಳು.

ಮೇಲಿನಿಂದ ಇಳಿದು ಬಂದ ಸಿಸ್ಟರ್ ಅವಳನ್ನು ಕಂಡು ನಿಂತಳು. "ಇಲ್ಲಿದೀರಾ? ಮುಗೀತು. ಒಳಗೆ ಎಲ್ಲಾ ಕ್ಲೀನ್ ಇತ್ತು, ಪ್ಲೇಟ್ ಚೆನ್ನಾಗಿ ಕೂತಿದೆ. ಮೇಲೆ ಬನ್ನಿ, ಎಚ್ಚರ ಆದ್ರೆ ನಿಮ್ಮನ್ನೇ ಕೇಳ್ತಾರೆ."

"ಸರಿ ಸಿಸ್ಟರ್," ಅಂದಳು.

ಈ ಸಲ ಅವಳು ಕೂತದ್ದರ ಹಿಂದೆ ಯಾವ ತಪ್ಪೂ ಇರಲಿಲ್ಲ, ಯಾವ ಋಣವೂ ಇರಲಿಲ್ಲ. ಕೂರು ಎಂದು ಯಾರೂ ಹೇಳಿರಲಿಲ್ಲ. ಆದರೂ ಇಷ್ಟು ಹೊತ್ತು ನೀರು ಕೂಡ ಕುಡಿಯದೆ ಕೂತಿದ್ದಳು. ಹಾಗಾದರೆ ಅದು ಪ್ರೀತಿಯೇ, ಮೊದಲಿನಿಂದಲೂ ಪ್ರೀತಿಯೇ. ಅಷ್ಟು ಗೊತ್ತಾಗಬೇಕಿತ್ತು ಅವಳಿಗೆ. ಗೊತ್ತಾದ ಮೇಲೆ ಎದ್ದು, ಗೇಟು ದಾಟಿ, ಬಸ್ಸು ಹತ್ತಿದಳು.