ಗಂಗಲಕ್ಷ್ಮಿಯ ಬಳುವಳಿ ಕುರಿ

“ನನ್ನ ದುಡ್ಡು ಮುಳುಗಿದ್ರೆ ನಿಮ್ಗೇನಾದ್ರೂ ನಷ್ಟ ಆಗ್ತೈತಾ ಸಾರ್?”

ನನ್ನಿವಾಳ ಊರಿನ ಸಮುದಾಯ ಭವನದಲ್ಲಿ ಕೂತಿದ್ದ ಮಹಿಳಾ ಸಂಘದ ಹೆಂಗಸರೆಲ್ಲ ಒಟ್ಟಿಗೆ ಹಿಂದೆ ತಿರುಗಿದರು. ಕೇಳಿದವಳು ಗಂಗಲಕ್ಷ್ಮಿ. ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಅಲ್ಲಿಯವರೆಗೆ ಉಳಿತಾಯ, ಹೂಡಿಕೆ ಅಂತ ಸಲೀಸಾಗಿ ಮಾತಾಡುತ್ತಿದ್ದ ವೀರೇಶ ತಡವರಿಸಿದ.

ಚಳ್ಳಕೆರೆಯಲ್ಲಿ ಪುಟ್ಟ ಆಫೀಸು ಇಟ್ಟುಕೊಂಡು ಜನರಿಗೆ ಮ್ಯೂಚುವಲ್ ಫಂಡ್ ಮಾಡಿಸಿಕೊಡುವವನು ಅವನು. ಇಂಥ ಸಭೆಗಳು ಅವನಿಗೆ ಹೊಸದಲ್ಲ. ಎಲ್ಲ ಕಡೆಯೂ ‘ಎಷ್ಟು ಬರುತ್ತೆ’ ಅಂತ ಕೇಳುತ್ತಿದ್ದರು. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

“ಇಲ್ಲ,” ಅಂದ ಕೊನೆಗೆ. “ನನ್ಗೇನೂ ನಷ್ಟ ಆಗಲ್ಲ.”

“ಲಾಭ ಬಂದ್ರೆ?”

“ಬಂದ್ರೂ, ಬರ್ದಿದ್ರೂ... ನಿಮ್ಮ ದುಡ್ಡು ಅಲ್ಲಿ ಇರೋ ತನಕ ನನ್ಗೊಂದಿಷ್ಟು ಕಮಿಷನ್ ಸಿಕ್ತೈತೆ.”

ಹೆಂಗಸರು ಮುಸಿಮುಸಿ ನಕ್ಕರು. ಗಂಗಲಕ್ಷ್ಮಿಗೆ ಮಾತ್ರ ಒಳಗೊಳಗೇ ರೇಗಿತು. ‘ಛೆ... ಇವನು ಸುಳ್ಳು ಹೇಳಿದ್ದರೆ ಎದ್ದು ಹೋಗಬಹುದಿತ್ತು. ಈಗ ಪೂರ್ತಿ ಕೇಳಬೇಕಲ್ಲ!’

ಅವಳು ಪೂರ್ತಿ ಕೇಳಿದಳು.

ಇವಳಿಗೇಕೆ ಇಷ್ಟೊಂದು ಅನುಮಾನ ಅಂತೀರಾ? ಹೇಳುತ್ತೇನೆ, ಕೇಳಿ.

ಇವರದು ಕುರಿ ಕಾಯುವ ಮನೆ. ಹೆಣ್ಣು ಮಗು ಹುಟ್ಟಿದರೆ ಅದರ ಪಾಲಿಗೆ ಒಂದು ಹೆಣ್ಣು ಮರಿ ಬಿಡುವುದು ಈ ಮನೆಗಳಲ್ಲಿ ನಡೆದು ಬಂದ ಪದ್ಧತಿ. ಆ ಮರಿಯ ಕಿವಿಗೆ ಬೇರೆಯದೇ ಗುರುತು. ಅದು ಈದ ಮರಿ, ಆ ಮರಿಯ ಮರಿ, ಎಲ್ಲವೂ ಆ ಮಗಳದೇ. ಮದುವೆಯಾದಾಗ ಅವಳ ಬಳುವಳಿಯಾಗಿ ಗಂಡನ ಹಟ್ಟಿಗೆ ಹೋಗುತ್ತವೆ.

ಕೇಳಲು ಚೆನ್ನಾಗಿಯೇ ಇದೆ. ಆದರೆ ಗಂಡನ ಮಂದೆಗೆ ಸೇರಿ, ನಾಲ್ಕು ಮಳೆಗಾಲ ಕಳೆದರೆ ಯಾವ ಕುರಿ ಯಾರದು ಅಂತ ಕೇಳುವವರಿಲ್ಲ. ಗಂಗಲಕ್ಷ್ಮಿಯ ಅಕ್ಕ ಪಾತಮ್ಮ ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಾಗ ಅವಳ ಜೊತೆ ಒಂದು ಚೀಲ ಬಟ್ಟೆ ಬಂತು, ಕುರಿ ಬರಲಿಲ್ಲ. ಅಣ್ಣ ಚಂದ್ರಣ್ಣ ಹೋಗಿ ಕೇಳಿದರೆ, “ಇದರಲ್ಲಿ ನಿಮ್ಮ ತಂಗೀವು ಯಾವು, ತೋರ್ಸಿ ನೋಡಾನ,” ಅಂದರಂತೆ.

ಕುರಿ ಮೇಯುತ್ತಿದ್ದ ಕಾವಲು ಭೂಮಿಗೆ ಬೇಲಿ ಬಿದ್ದು ಮೇವು ಕಮ್ಮಿಯಾದಾಗ ಚಂದ್ರಣ್ಣ ಅರ್ಧ ಮಂದೆ ಮಾರಲು ಹೊರಟ. ಗಂಗಲಕ್ಷ್ಮಿ ತನ್ನವನ್ನೂ ಮಾರಿಸಿ, ದುಡ್ಡನ್ನು ಹಟ ಹಿಡಿದು ತನ್ನ ಖಾತೆಗೇ ಹಾಕಿಸಿಕೊಂಡಳು. ಲೋಕದಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ. ಅದು ಹೋದರೆ ನಾಳೆ ತಾನೂ ಒಂದು ಚೀಲ ಬಟ್ಟೆ ಹಿಡಿದು ಅಣ್ಣನ ಬಾಗಿಲಿಗೆ ಬರಬೇಕಾದೀತು ಎಂಬ ಹೆದರಿಕೆ ಅವಳಿಗೆ.

ಅವಳು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದದ್ದು ಚಳ್ಳಕೆರೆಗೇ. ಮುಂದಿನ ವಾರ ಸಂಜೆ ಕೆಲಸ ಬಿಟ್ಟವಳು ಸೀದಾ ವೀರೇಶನ ಆಫೀಸಿನ ಮೆಟ್ಟಿಲು ಹತ್ತಿದಳು. ಕೆಳಗೆ ಎಣ್ಣೆ ಅಂಗಡಿ. ಶೇಂಗಾ ಹಿಂಡಿಯ ವಾಸನೆ ಮೇಲಿನವರೆಗೂ ಬರುತ್ತಿತ್ತು.

“ನಾನು ಇವತ್ತು ದುಡ್ಡು ಹಾಕೋಕೆ ಬಂದಿಲ್ಲ. ಕೇಳೋಕೆ ಬಂದಿದೀನಿ,” ಅಂದಳು ಕೂರುವ ಮೊದಲೇ.

“ಕೇಳಿ. ಕೇಳೋಕೆ ಕಾಸಿಲ್ಲ,” ಅಂತ ನಕ್ಕ ವೀರೇಶ.

“ಷೇರು ಅಂದ್ರೆ ಏನು?”

“ಕಂಪನೀಲಿ ಒಂದು ಸಣ್ಣ ಪಾಲು.”

“ರೇಟು ಬಿದ್ರೆ ನನ್ನ ಪಾಲು ಹೋದಂಗಾ?”

ಅವನು ಸ್ವಲ್ಪ ಯೋಚಿಸಿದ. “ಸಂತೇಲಿ ಕುರಿ ರೇಟು ಬಿದ್ರೆ, ಹಟ್ಟೀಲಿರೋ ಕುರಿ ಸಾಯ್ತಾವಾ?”

“ಇಲ್ಲ... ಆದ್ರೆ ರೋಗ ಬಂದ್ರೆ ಸಾಯ್ತಾವೆ.”

“ಹೌದು. ಕಂಪನೀನೂ ಮುಳುಗ್ತಾವೆ. ಅದಕ್ಕೇ ಒಂದೇ ಕಂಪನಿ ನಂಬ್ಕೋಬಾರ್ದು. ಫಂಡ್ ಅಂದ್ರೆ ಹಲವಾರು ಕಂಪನೀಲಿ ಸ್ವಲ್ಪಸ್ವಲ್ಪ. ಹಂಗಂತ ಗ್ಯಾರಂಟಿ ಅಂತೂ ಇಲ್ಲ. ಗ್ಯಾರಂಟಿ ಡಬಲ್ ಅಂತ ಯಾರಾದ್ರೂ ಅಂದ್ರೆ, ಅವ್ರ ಮನೆ ಕಡೆ ತಲೆ ಹಾಕಿ ಮಲಗಬ್ಯಾಡ್ರಿ.”

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದುಕೊಂಡು, ಮುಖ್ಯವಾದದ್ದನ್ನು ಕೇಳಿದಳು.

“ಅದು ಯಾರ ಹೆಸರಲ್ಲಿ ಇರ್ತೈತೆ?”

“ನಿಮ್ಮ ಹೆಸರಲ್ಲಿ. ನೀವು ಒಪ್ಪದೆ ಯಾರೂ ಮುಟ್ಟೋಕಾಗಲ್ಲ. ನಾನೂ.”

ಅವಳ ಕಣ್ಣಂಚು ಒದ್ದೆಯಾಗಿದ್ದನ್ನು ಅವನು ಕಂಡ. ಕಂಡರೂ ಕಾಣದವನಂತೆ ಕಿಟಕಿಯ ಕಡೆ ತಿರುಗಿದ. ಆ ಸಂಜೆಯೇ ಅವನ ಕಥೆ ಮುಗಿದಿತ್ತು ಬಿಡಿ, ಒಪ್ಪಿಕೊಳ್ಳಲು ಮಾತ್ರ ಧೈರ್ಯ ಇರಲಿಲ್ಲ.

ಆಮೇಲೆ ವಾರ ವಾರವೂ ಬಂದಳು. ಕೈಕಾಲು ಬಿದ್ದರೆ ಆಗಲಿ ಅಂತ ಒಂದು ಪಾಲನ್ನು ಬ್ಯಾಂಕಿನಲ್ಲೇ ಬಿಟ್ಟು, ಉಳಿದದ್ದನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಫಂಡಿಗೆ ಹಾಕಿದಳು. ಬೆಲೆ ಏರುವುದು ಯಾಕೆ, ಬಡ್ಡಿ ಇಳಿಯುವುದು ಯಾಕೆ, ವಿಮೆ ಬೇರೆ ಉಳಿತಾಯ ಬೇರೆ ಯಾಕೆ... ಕೇಳಿದ್ದೇ ಕೇಳಿದ್ದು. ವೀರೇಶ ತನಗೆ ಗೊತ್ತಿಲ್ಲದ್ದಿದ್ದರೆ ಗೊತ್ತಿಲ್ಲ ಅನ್ನುತ್ತಿದ್ದ, ಮುಂದಿನ ವಾರ ತಿಳಿದುಕೊಂಡು ಬಂದು ಹೇಳುತ್ತಿದ್ದ. ಕೇಳಲು ಏನೂ ಇಲ್ಲದ ವಾರವೂ ಅವಳ ಕಾಲು ಆ ಮೆಟ್ಟಿಲನ್ನೇ ಹತ್ತುತ್ತಿತ್ತು.

ಮನೆಯಲ್ಲಿ ಹೇಳುತ್ತಿದ್ದದ್ದು ಲೈನಿಂಗ್ ಬಟ್ಟೆ ತರುವ ನೆಪ. “ಲೈನಿಂಗ್ ಬಟ್ಟೆ ತರೋಕೆ ಇಷ್ಟು ಹೊತ್ತೇನೇ?” ಅಂತ ಪಾತಮ್ಮ ರೇಗಿಸಿದರೆ ಮುಖವೆಲ್ಲ ಕೆಂಪು.

ಎಲ್ಲ ಸರಿಯಾಗಿಯೇ ಇತ್ತು, ಆ ಭಾನುವಾರದವರೆಗೆ.

ಭಾನುವಾರ ಮೊಳಕಾಲ್ಮೂರು ಕಡೆಯ ಬಸ್ಸಿನಿಂದ ವೀರೇಶನ ಅವ್ವ ಉಚ್ಚಂಗೆಮ್ಮ ಎಲೆ ಅಡಿಕೆ ಹಿಡಿದು ಬಂದಿಳಿದರು. ಸಿದ್ದಾಪುರದ ಗುಡ್ಡದಡಿಯಲ್ಲಿ ಅವರದೂ ಕುರಿಯ ಮನೆಯೇ. ಗಂಗಲಕ್ಷ್ಮಿಗೆ ಎದೆ ಹೊಡೆದುಕೊಂಡಿತು. ‘ಅಂದರೆ... ಅವನೇ ಕಳಿಸಿದ್ದಾನಾ?’ ನೀರಿನ ಚೊಂಬು ಕೊಟ್ಟು ಬಾಗಿಲ ಹಿಂದೆ ಸರಿದಳು.

ಹೆಣ್ಣು ನೋಡಲು ಬಂದವರು ಅವಳ ಪಾಲಿನ ಕುರಿಯನ್ನೂ ನೋಡುವುದು ಇವರಲ್ಲಿ ರೂಢಿ. ಉಚ್ಚಂಗೆಮ್ಮ ಎದ್ದು ಹಟ್ಟಿಯ ಕಡೆ ನಡೆದರು. “ಅಮ್ಮಾಯೀ ಪಾಲಿನವು ಯಾವು?”

“ಮಾರಿಬಿಟ್ವಿ ಕಣ್ರಿ,” ಅಂದ ಚಂದ್ರಣ್ಣ ಸಂಕೋಚದಿಂದ.

“ಗೊತ್ತೈತೆ ಬಿಡು. ಆ ದುಡ್ಡು ಫಂಡಲ್ಲಿ ಬೆಳೀತೈತಂತಲ್ಲ, ನಮ್ಮ ವೀರೇಶ ಹೇಳ್ದ. ಮದ್ವೆ ಆದ್ಮೇಲೆ ಬಿಡ್ಸಿ ಕುರಿ ತಗೊಂಡ್ರಾತು. ನಮ್ಮ ಹಟ್ಟೀಲಿ ಜಾಗ ಬೇಕಾದಷ್ಟೈತೆ.”

ಬಾಗಿಲ ಹಿಂದೆ ನಿಂತಿದ್ದ ಪಾತಮ್ಮ ತಂಗಿಯ ಮುಖ ನೋಡಿದಳು. ಗಂಗಲಕ್ಷ್ಮಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

‘ನೀವು ಒಪ್ಪದೆ ಯಾರೂ ಮುಟ್ಟೋಕಾಗಲ್ಲ ಅಂದಿದ್ದ. ಒಪ್ಪಿಸುವುದಕ್ಕೇ ಇಷ್ಟು ದಿನ ಪಾಠ ಹೇಳಿದನಾ? ನನ್ನ ನೋಡಿದ್ದನಾ, ನನ್ನ ಕುರಿ ನೋಡಿದ್ದನಾ?’

ಅವಳು ಅಳಲಿಲ್ಲ. ಮಾರನೆಯ ದಿನ ಕೆಲಸಕ್ಕೂ ಹೋಗದೆ ನೇರ ಆಫೀಸಿಗೆ ಹೋದಳು.

“ನನ್ನ ದುಡ್ಡು ವಾಪಸ್ ತೆಗೀಬೇಕು. ಎಲ್ಲ.”

ಅವಳನ್ನು ಕಂಡು ಅರಳಿದ್ದ ವೀರೇಶನ ಮುಖ ಬಾಡಿತು. “ತೆಗೀಬಹುದು. ನಿಮ್ಮ ದುಡ್ಡು. ಈಗ ಮಾರ್ಕೆಟ್ ಬಿದ್ದೈತೆ, ಹಾಕಿದ್ದಕ್ಕಿಂತ ಕಮ್ಮಿ ಬರ್ತೈತೆ. ಅಷ್ಟೇ ಹೇಳ್ತೀನಿ.”

“ಕಮ್ಮಿ ಬರ್ಲಿ. ನಿಮ್ಮ ಹಟ್ಟಿಗೆ ಸೇರೋದಕ್ಕಿಂತ ವಾಸಿ.”

“ನಮ್ಮ ಹಟ್ಟಿಗಾ?”

“ಫಂಡ್ ಬಿಡ್ಸಿ ಕುರಿ ತಗೊಂಡ್ರಾತು ಅಂದ್ರು ನಿನ್ನೆ ನಿಮ್ಮವ್ವ. ಅವ್ರಿಗೆ ನನ್ನ ದುಡ್ಡಿನ ವಿಷ್ಯ ಹೇಳಿದ್ದು ಯಾರು?”

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. “ನಾನೇ.”

“ಯಾಕೆ?”

“ನಿಮ್ಮ ಬಗ್ಗೆ ಹೇಳ್ತಾ ಹೇಳ್ತಾ... ಕುರಿ ಮಾರಿ ತನ್ನ ಹೆಸರಲ್ಲಿ ಇಟ್ಕೊಂಡೋಳು ನಮ್ಮ ಸೀಮೇಲಿ ಇವ್ಳೊಬ್ಳೇ ಅಂತ ಹೆಮ್ಮೆಯಿಂದ ಅಂದ್ಬಿಟ್ಟೆ. ಅದು ನಿಮ್ಮ ಗುಟ್ಟು. ನಾನು ಬಾಯಿ ಬಿಡಬಾರ್ದಿತ್ತು, ತಪ್ಪು ನಂದೇ. ಅವ್ವ ನಿನ್ನೆ ಬಂದು ಕುರಿ ಮಾತು ಎತ್ತಿದ್ದು ಈಗ್ಲೇ ಗೊತ್ತಾಗಿದ್ದು. ಬರೀ ನೋಡ್ಕೊಂಡು ಬರ್ತೀನಿ ಅಂದಿದ್ಲು.”

ಗಂಗಲಕ್ಷ್ಮಿ ಅವನ ಕಣ್ಣನ್ನೇ ನೋಡಿದಳು. ನಂಬಬೇಕು ಅಂತ ಮನಸ್ಸು ಒದ್ದಾಡುತ್ತಿತ್ತು. ಆದರೆ ಪಾತಮ್ಮನೂ ನಂಬಿಯೇ ಹೋಗಿದ್ದಳು. ಹಾಗಾಗಿ ಅವಳು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಕೇಳಿದಳು.

“ಮದ್ವೆ ಆದ್ರೆ ಇದರಲ್ಲಿ ಗಂಡನ ಹೆಸರು ಸೇರಿಸ್ಬೇಕಾ?”

“ಬೇಡ.”

“ಗಂಡ ಕಷ್ಟ ಐತೆ, ಕೊಡು ಅಂದ್ರೆ?”

“ಕೊಡೋದು ಬಿಡೋದು ನಿಮ್ಮಿಷ್ಟ. ಹೆದರ್ಕೊಂಡು ಕೊಡಬೇಡಿ.”

“ಅತ್ತೆ ಕೇಳಿದ್ರೆ?”

“ಅದಕ್ಕೂ ಅದೇ ಉತ್ತರ.”

ಕೊನೆಗೆ ಅವಳು ಕೇಳಿಯೇಬಿಟ್ಟಳು. “ಆ ಗಂಡ ನೀವೇ ಆದ್ರೆ?”

ವೀರೇಶ ಕುರ್ಚಿಯಿಂದ ಎದ್ದು ನಿಂತ.

“ಆಗ್ಲೂ ಕೊಡಬೇಡ,” ಅಂದ. “ಎಂದಾದ್ರೂ ನಾನು ಸರಿಯಿಲ್ಲ ಅನ್ನಿಸ್ತು ಅಂದ್ರೆ, ಎದ್ದು ಹೋಗೋಕೆ ನಿನ್ ಹತ್ರ ದುಡ್ಡಿರ್ಬೇಕು ಗಂಗಾ. ಹೋಗೋಕೆ ದಾರಿ ಇದ್ದೂ ನೀನು ನನ್ ಜೊತೆ ಇರ್ತೀಯಲ್ಲ... ನನ್ಗೆ ಅಂಥ ಮದ್ವೆ ಬೇಕು.”

ನಿನ್ನೆಯಿಂದ ತಡೆದಿಟ್ಟಿದ್ದ ಕಣ್ಣೀರು ಈಗ ಹರಿಯಿತು. ಅವಳು ಸೆರಗಿನಿಂದ ಒರೆಸಿಕೊಳ್ಳಲೂ ಇಲ್ಲ.

“ಆಗ್ತೀಯಾ?” ಅಂತ ಮೆತ್ತಗೆ ಕೇಳಿದ.

“ಮೊದ್ಲು ನಿಮ್ಮವ್ವಂಗೆ ಹೇಳಿ.”

ಅವನು ಅಲ್ಲೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. “ಅವ್ವ, ಗಂಗಲಕ್ಷ್ಮಿ ದುಡ್ಡು ಅವ್ಳದು. ನಮ್ಮ ಹಟ್ಟಿಗೆ ಬರಲ್ಲ. ಇದಕ್ಕೆ ನೀನು ಒಪ್ಪಿದ್ರೇನೇ ನಾನು ಮದ್ವೆ ಮಾತು ಮುಂದುವರ್ಸೋದು.”

ಗಂಗಲಕ್ಷ್ಮಿ ಮೇಜಿನ ಹತ್ತಿರ ಬಂದಳು.

“ಅಮ್ಮಾಯಿ ಅಲ್ಲೇ ಐತಾ?” ಅಂದರು ಉಚ್ಚಂಗೆಮ್ಮ.

“ಇದೀನ್ರಿ,” ಅಂದಳು.

“ನಮ್ಮವ್ವ ನನ್ಗೂ ಕೊಟ್ಟಿದ್ಲು ಕಣಮ್ಮ, ಬಳುವಳಿ. ಈಗ ಈ ಹಟ್ಟೀಲಿ ನನ್ನವು ಯಾವು ಅಂದ್ರೆ ನನ್ಗೇ ಗೊತ್ತಿಲ್ಲ. ಯಾರನ್ನೂ ಕೇಳ್ಲಿಲ್ಲ, ಕೇಳ್ಬೇಕು ಅಂತ್ಲೂ ಹೊಳೀಲಿಲ್ಲ. ಸೊಸೆ ಬಂದ್ರೆ ಕುರಿ ಬರ್ತಾವೆ, ಅಷ್ಟೇ ಗೊತ್ತಿದ್ದಿದ್ದು.” ಮುದುಕಿ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. “ನಿಂದು ನಿನ್ ಹತ್ರಾನೇ ಇರ್ಲಿ.”

ಗಂಗಲಕ್ಷ್ಮಿ ಫೋನನ್ನು ಹತ್ತಿರ ಎಳೆದುಕೊಂಡಳು.

“ಇನ್ನೊಂದು ಮಾತು,” ಉಚ್ಚಂಗೆಮ್ಮನ ಧ್ವನಿ ಪಿಸುಮಾತಿಗೆ ಇಳಿಯಿತು. “ಪಿಂಚಣಿ ಒಳಗೆ ಅಷ್ಟೋ ಇಷ್ಟೋ ಉಳ್ಸಿದೀನಿ, ಯಾರಿಗೂ ಹೇಳಿಲ್ಲ. ಅದನ್ನ ನನ್ನ ಹೆಸರಲ್ಲೇ ಇಡೋದು ಹೆಂಗೆ ಅಂತ ನಿನ್ ಕೇಳ್ತೀನಿ. ವೀರೇಶಂಗೆ ಹೇಳ್ಬ್ಯಾಡ.”

“ಅವ್ವ, ನಾನಿಲ್ಲೇ ಇದೀನಿ,” ಅಂದ ವೀರೇಶ.

ಪಟ್ಟನೆ ಫೋನ್ ಕಟ್ಟಾಯಿತು. ಗಂಗಲಕ್ಷ್ಮಿ ಅಳುತ್ತಲೇ ನಗತೊಡಗಿದಳು. ಅವನು ತಲೆ ಕೆರೆದುಕೊಂಡ.

“ನೋಡು, ಊರಿಗೆಲ್ಲ ದುಡ್ಡಿನ ಬುದ್ಧಿ ಹೇಳ್ತೀನಿ. ನನ್ಗೇ ಹೇಳಿಲ್ಲ ನಮ್ಮವ್ವ.”

ಗಂಗಲಕ್ಷ್ಮಿ ಈಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಸೊಸೆಗೆ ಹೇಳಿದಾರಲ್ಲ,” ಅಂದಳು. “ಸಾಕು ಬಿಡಿ.”