ಗೊರವಗಳಿಗೆ ಗಿಡ ಬೇಡವಂತೆ

"ಅಪ್ಪಾ, ಪ್ಲೀಸ್! ಅಲ್ಲಿ ತೆಗ್ಗು ತೋಡಬ್ಯಾಡ!"

ಬೆಳಗ್ಗೆಯಿಂದ ಇದನ್ನೇ ಹೇಳಿ ಹೇಳಿ ಹರ್ಷಿತಾ ಗಂಟಲು ಹರಿದುಕೊಂಡಿದ್ದಳು. ಕೇಳುವವರು ಯಾರು? ಕೇರಳದ ತ್ರಿಪ್ಪುಣಿತ್ತುರದ ಅವರ ಫ್ಲ್ಯಾಟಿನ ಹಿಂದೆ ಒಂದು ಕೆಸರು ಗದ್ದೆ. ಇವತ್ತು ಅಲ್ಲಿ ಗಿಡ ನೆಡುವ ಸಂಭ್ರಮ. ಅಸೋಸಿಯೇಷನ್ನಿನ ಅನಸೂಯಾ ಆಂಟಿ ದೊಡ್ಡ ಬ್ಯಾನರ್ ಕಟ್ಟಿಸಿದ್ದರು. ಹೊಂಗೆ ಸಸಿಗಳನ್ನು ತರಿಸಿದವರು ಮಾತ್ರ ಹರ್ಷಿತಾಳ ಅಪ್ಪ ರುದ್ರಪ್ಪ.

"ಗಿಡಾ ಹಚ್ಚಬ್ಯಾಡ ಅಂತೀಯಲ್ಲ, ತಲಿ ಕೆಟ್ಟೈತೇನು ನಿನಗ?" ಅಪ್ಪ ಗುದ್ದಲಿ ಎತ್ತಿದರು. "ಗಿಡಾ ಇದ್ರನ ಹಕ್ಕಿ ಬರ್ತಾವ."

"ಈ ಬರ್ಡ್ಸ್ ಗಿಡದ ಮ್ಯಾಲೆ ಕೂಡಂಗೇ ಇಲ್ಲಪ್ಪಾ! ಹುಳಾ ತಿನ್ನಾಕ ಅವಕ್ಕ ಓಪನ್ ಕೆಸರು ಬೇಕು. ಗಿಡಾ ದೊಡ್ಡದಾದ್ರ ಗಿಡುಗ ಬಂದು ಕೂಡ್ತೈತಿ. ಆಮ್ಯಾಲೆ ಇವು ಈ ಕಡೆ ಬರಂಗೇ ಇಲ್ಲ!"

ಹಿಮದ ನಾಡಿನಿಂದ ಪ್ರತಿ ಚಳಿಗಾಲ ಹಾರಿ ಬರುವ ಗೊರವ ಹಕ್ಕಿಗಳನ್ನು ಅವಳು ಬಾಲ್ಕನಿಯಿಂದ ನೋಡುತ್ತಲೇ ಬೆಳೆದವಳು. ಮೊದಲು ಸುತ್ತಮುತ್ತ ಎಷ್ಟೋ ಗದ್ದೆಗಳಿದ್ದವು. ಎಲ್ಲಕ್ಕೂ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದರು. ಉಳಿದದ್ದು ಇದೊಂದೇ. ಇದೂ ಹೋದರೆ ಅವು ಎಲ್ಲಿ ಇಳಿಯಬೇಕು?

ಅನಸೂಯಾ ಆಂಟಿ ಮಲಯಾಳಂನಲ್ಲಿ ಮಗಳೇ ಎಂದು ಕರೆಯುತ್ತ ಅವಳ ಕೆನ್ನೆ ತಟ್ಟಿದರು. "ಮೋಳೇ, ಟ್ರೀಸ್ ಆರ್ ಗುಡ್, ಅಲ್ಲೇ?"

ಹರ್ಷಿತಾಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಈ ದೊಡ್ಡವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದಾರೋ ಏನೋ! ದಡದಡ ಗದ್ದೆಗಿಳಿದವಳೇ, ಅಪ್ಪ ಆಗಷ್ಟೇ ನೆಟ್ಟಿದ್ದ ಸಸಿಯನ್ನು ಕಿತ್ತು ಎಸೆದುಬಿಟ್ಟಳು.

ಎಲ್ಲರೂ ತಿರುಗಿ ನೋಡಿದರು.

ಅಪ್ಪ ಬೈಯಲಿಲ್ಲ. ಹೋಗಿ ಸಸಿಯನ್ನು ಎತ್ತಿಕೊಂಡರು. ಕರ್ಚೀಫು ಒದ್ದೆ ಮಾಡಿ ಅದರ ಬೇರಿಗೆ ಸುತ್ತಿದರು. "ನಮ್ಮೂರಾಗ ಒಂದು ಗಿಡಾ ಉಳಸಾಕ ಕೊಡಾ ಹೊತ್ತು ನೀರು ಹಾಕತಿದ್ವಿ," ಎಂದರು. ಅವರ ದನಿ ಸಣ್ಣಗಾಗಿತ್ತು.

ಹರ್ಷಿತಾಳ ಸಿಟ್ಟು ಜರ್ರನೆ ಇಳಿಯಿತು. ಅಪ್ಪನ ಮುಖ ನೋಡಲಾಗದೆ ಕೆಸರು ನೋಡುತ್ತ ಹೇಳಿದಳು. "ಇದಕ್ಕ ರೋಡ್ ಸೈಡ್ ಜಾಗಾ ಐತಪ್ಪಾ. ಅವಕ್ಕ ಬ್ಯಾರೆ ಜಾಗಾ ಇಲ್ಲ."

ಅಪ್ಪ ಗದ್ದೆಯನ್ನು ಬಹಳ ಹೊತ್ತು ನೋಡಿದರು.

"ನಾ ಸಣ್ಣವಿದ್ದಾಗ ನಮ್ಮ ಕರಿ ಮಣ್ಣಿನ ಎರಿ ಹೊಲದ ಬಯಲಾಗ ಒಂದು ದೊಡ್ಡ ಹಕ್ಕಿ ಅಡ್ಡಾಡತಿತ್ತು. ಎರಿಭೂತ ಅಂತಿದ್ವಿ. ಬಯಲು ಹೋತು, ಅದೂ ಹೋತು. ನಿನಗ ತೋರಸೂಣು ಅಂದ್ರ ಈಗ ಎಲ್ಲಿಂದ ತರ್ಲಿ?"

ಹಾಗೆಂದವರು, ತೋಡಿದ ತೆಗ್ಗನ್ನು ತಾವೇ ಮುಚ್ಚತೊಡಗಿದರು. ಸಸಿಗಳನ್ನೆಲ್ಲ ರಸ್ತೆ ಬದಿಗೆ ಸಾಗಿಸೋಣ ಎಂದು ಆಂಟಿಗೆ ತಮ್ಮ ಹರುಕು ಮಲಯಾಳಂನಲ್ಲಿ ಹೇಳಿದರು.

"ಅಯ್ಯೋ, ಬ್ಯಾನರ್?" ಎಂದು ಆಂಟಿ ತಲೆಗೆ ಕೈ ಹಚ್ಚಿಕೊಂಡರು.

ತಾನು ಎಸೆದಿದ್ದ ಸಸಿಯನ್ನು ಹರ್ಷಿತಾ ಅಪ್ಪನ ಕೈಯಿಂದ ತೆಗೆದುಕೊಂಡಳು. ಅದರ ಒಂದು ರೆಂಬೆ ಮುರಿದು ಜೋತಾಡುತ್ತಿತ್ತು. ರಸ್ತೆ ಬದಿಯಲ್ಲಿ ನೆರಳಿರುವ ಜಾಗ ಹುಡುಕಿ ಸಸಿಯನ್ನು ಕೆಳಗಿಟ್ಟಳು. ಆಮೇಲೆ, ಯಾರೂ ಹೇಳದಿದ್ದರೂ, ಕೊಡ ತರಲು ಮನೆಗೆ ಓಡಿದಳು.