ಕಟ್ಟಬಾರದ ಎಲುಬು

ಅವನ ಬೆರಳು ನೇತ್ರಾಳ ಮೊಣಕಾಲ ಕೆಳಗಿನ ಉಬ್ಬಿಗೆ ತಾಕಿದ್ದೇ ತಡ... ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ!

"ಇದನ್ನ ನಾ ಕಟ್ಟಂಗಿಲ್ಲ."

ಮಮದಾಪುರದಲ್ಲಿ ಎಲುಬು ಕಟ್ಟುವ ದುರ್ಗಪ್ಪನ ಪಡಸಾಲೆ ಅದು. ಕೈ ಎಳೆದುಕೊಂಡವನು ಅವನ ಮಗ ಕೇದಾರಿ.

"ಯಾಕಲೇ, ದೆವ್ವ ಬಡದೈತೇನ ನಿನಗ?" ದುರ್ಗಪ್ಪ ಗದರಿದ.

"ಇದು ಮುರದ ಎಲುಬಲ್ಲಪ್ಪಾ. ಬೆಳ್ಯಾಕತ್ತಿದ ಎಲುಬು. ದವಾಖಾನಿಗೆ ಕಳಸು."

ನೇತ್ರಾಳ ತಾಯಿ ಉದ್ದವ್ವ ಕೈ ಮುಗಿದಳು. "ಎಂಟು ದಿನಕ್ಕ ಮೂಡಲಗಿಯವರು ಕನ್ಯಾ ನೋಡಾಕ ಬರ್ತಾರ್ರಿ. ಅವರು ಹುಡುಗಿ ಕಾಲಿಗೆ ನೀರು ಹಾಕಿ, ನಡಸಿ, ಹೆಜ್ಜಿ ಗುರ್ತು ನೋಡತಾರ. ಅಷ್ಟರಾಗ ಉಬ್ಬು ಇಳಸ್ರಿ... ನನ್ನ ಮಗಳ ಬಾಳು ನಿಮ್ಮ ಕೈಯಾಗ ಐತಿ!"

ನೇತ್ರಾ ತಲೆ ತಗ್ಗಿಸಿದಳು. 'ಹೇಸಿಕೊಂಡ... ನನ್ನ ಕಾಲು ಮುಟ್ಟಾಕ ಹೇಸಿಕೊಂಡ!'

ಬಿದಿರು ಪಟ್ಟಿಗಳನ್ನು ಅಂಗಳಕ್ಕೆ ಒಗೆದು ಕೇದಾರಿ ಹೊರಟುಹೋದ. ದುರ್ಗಪ್ಪ ಅವನ್ನೇ ಆರಿಸಿ ತಂದು, ಬಿಸಿ ಎಣ್ಣೆ ತಿಕ್ಕಿ, ಬಿಗಿದು ಕಟ್ಟಿದ. ಮುರಿದ ಎಲುಬು ಕೂಡಿಸುವ ಕೈ, ಬೆಳೆಯುವ ಎಲುಬನ್ನೂ ಒತ್ತಿ ಕೂರಿಸುತ್ತದೆ ಎಂದು ನಂಬಿದರು! ನೋವಾಗುತ್ತದೆಯೇ ಎಂದು ಯಾರೂ ಅವಳನ್ನು ಕೇಳಲಿಲ್ಲ.

ಘೋಡಗೇರಿಯ ತಮ್ಮ ಮನೆಯಲ್ಲಿ ಎಂಟು ದಿನ ಅವಳು ಸೆರಗು ಕಚ್ಚಿ ನೋವು ನುಂಗಿದಳು.

ಒಂಬತ್ತನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಉಬ್ಬು ಇಳಿದಿರಲಿಲ್ಲ. ಚರ್ಮ ಬಿಗಿದು ಹೊಳೆಯುತ್ತಿತ್ತು.

ಮೂಡಲಗಿಯವರು ಬಂದರು; ಹುಡುಗನ ಸೋದರತ್ತೆ ಗುಡ್ಡವ್ವ ನೇತ್ರಾಳ ಪಾದಕ್ಕೆ ನೀರು ಹಾಕಿದಳು. ನೇತ್ರಾ ಮೂರು ಹೆಜ್ಜೆ ನಡೆದಳು. ನಾಲ್ಕನೆಯದಕ್ಕೆ ಗೋಡೆ ಹಿಡಿದಳು. ಗುಡ್ಡವ್ವ ಥಟ್ಟನೆ ಸೀರೆ ಎತ್ತಿಯೇಬಿಟ್ಟಳು!

"ಅಯ್ಯ ಯವ್ವಾ! ಒಂದ ಕಾಲಿಗೆ ಎರಡು ಮೊಣಕಾಲ! ಮಮದಾಪುರದ ಆ ಕೇದಾರಿ ಫೋನ್ ಮಾಡಿ ಹೇಳಿದ್ದು ಖರೇನ ಆತು ನೋಡ್ರಿ. ಏಳ್ರಿ, ಏಳ್ರಿ!"

ಕಾಲು ನೋಡಲು ಬಂದವರು ಅವಳ ಮುಖವನ್ನೂ ನೋಡದೆ ಹೋದರು.

ಮಧ್ಯಾಹ್ನ ಕೇದಾರಿ ತಾನೇ ಬಂದ. ಹೊಸ್ತಿಲಲ್ಲೇ ನೇತ್ರಾ ಅವನ ಕೆನ್ನೆಗೆ ಬಾರಿಸಿದಳು.

"ಮುಟ್ಟಾಕ ಹೇಸಿದಿ, ಈಗ ಬಾಳೂ ಹಾಳ ಮಾಡಿದಿ! ನೀ ಯಾವನೋ?"

"ಬಡಿ, ಇನ್ನೊಂದ ಬಡಿ. ನಾನ ಹೇಳೀನಿ. ಈ ಲಗ್ನ ಮುರೀದಿದ್ರ ನಿಮ್ಮವ್ವ ಆ ಪಟ್ಟಿ ಬಿಡತಿರಲಿಲ್ಲ." ಅವನು ಎರಡೂ ಕೈ ಮುಂದೆ ಚಾಚಿದ. "ನಮ್ಮಕ್ಕ ದೀಪಾಗೂ ಹಿಂಗ ಉಬ್ಬಿತ್ತು. ಅಪ್ಪ ಹೇಳಿದ, ನಾ ಕಟ್ಟಿದೆ... ಐದು ತಿಂಗಳ, ಈ ಕೈಲೆ. ನೋವು ಅಂದ್ರ ಇನ್ನಷ್ಟು ಬಿಗದೆ. ದವಾಖಾನಿ ಮುಟ್ಟೂದ್ರಾಗ ರೋಗ ಎದಿಗೆ ಏರಿತ್ತು. ಸತ್ತಳು. ಅಪ್ಪ ಈಗೂ ಅದನ್ನ ಹಣೆಬರಹ ಅಂತಾನ. ನಿನ್ನ ಕಾಲಿನ ಬಿಸಿ ಕೈಗೆ ಹತ್ತಿದ ಕೂಡ್ಲೆ ಅಕ್ಕ ಕಣ್ಣ ಮುಂದ ಬಂದ್ಲು. ಹೇಸಿಗಿ ಅಲ್ಲ ನೇತ್ರಾ... ಅಂಜಿಕಿ!"

ಬಾರಿಸಲು ಮತ್ತೆ ಎತ್ತಿದ್ದ ಕೈ ಕೆಳಗಿಳಿಯಿತು.

"ಯವ್ವಾ, ನಾ ದವಾಖಾನಿಗೆ ಹೊಂಟೆ," ಎಂದಳು ನೇತ್ರಾ. "ಬರತಿದ್ರ ಬಾ."

ಗೋಕಾಕದಲ್ಲಿ ಡಾಕ್ಟರು ಎಕ್ಸರೇ ನೋಡಿದ ಕೂಡಲೇ ಬೆಳಗಾವಿಗೆ ಕಳಿಸಿದರು. ಅಲ್ಲಿ ಎಲುಬಿನ ಚೂರು ತೆಗೆದು ಪರೀಕ್ಷಿಸಿದರು.

ಕ್ಯಾನ್ಸರ್!

ರೋಗ ಇನ್ನೂ ಕಾಲು ದಾಟಿರಲಿಲ್ಲ. ಆದರೆ ಬಿಗಿದು ಕಟ್ಟಿದ ಜಾಗದಲ್ಲಿ ಎಲುಬು ಬಿರಿದಿತ್ತು. ಮೂರು ತಿಂಗಳು ನರದಲ್ಲಿ ಔಷಧಿ ಹರಿಸಿದರು. ಅವಳ ಕೂದಲು ಉದುರಿತು, ವಾಂತಿಯಲ್ಲಿ ಜೀವವೇ ಹೊರಬಿದ್ದಂತಾಯಿತು. ಕೊನೆಗೆ ಡಾಕ್ಟರು ಹೇಳಿದ್ದು ಒಂದೇ ಮಾತು: ಕಾಲು ತೆಗೆಯದಿದ್ದರೆ ಹುಡುಗಿ ಉಳಿಯುವುದಿಲ್ಲ.

ಉದ್ದವ್ವ ಒಪ್ಪಲಿಲ್ಲ. "ಕುಂಟಿನ್ನ ಯಾರು ಲಗ್ನ ಆಗತಾರ್ರಿ?"

"ನಾ ಆಗತೇನಿ," ಎಂದ ಕೇದಾರಿ.

ನೇತ್ರಾ ಉರಿದೆದ್ದಳು. "ಅಕ್ಕನ್ನ ಉಳಸಾಕ ಆಗಲಿಲ್ಲಂತ ನನ್ನ ಲಗ್ನ ಆಗತಿಯೇನು? ನಿನ್ನ ಪಾಪ ತೊಳ್ಯಾಕ ನಾ ಬೇಕೇನು?"

ಅವನು ಕೂಗಿದ ರಭಸಕ್ಕೆ ವಾರ್ಡೇ ತಿರುಗಿ ನೋಡಿತು. "ಪಾಪ ತೊಳ್ಯಾಕಿದ್ರ ಒಂದಿನ ಬಂದು ಹೋಗತಿದ್ದೆ! ಮೂರು ತಿಂಗಳ ಬಸ್ಸಿನ್ಯಾಗ ನಿಂತು ಬಂದೇನಿ. ನೀ ಬೈಯೂದು ಕೇಳದಿದ್ರ ನನಗ ದಿನಾನ ಹೋಗೂದಿಲ್ಲ. ಅಷ್ಟೂ ತಿಳಿಯೂದಿಲ್ಲೇನ ನಿನಗ?"

ನರ್ಸ್ ಆಪರೇಶನ್ನಿನ ಒಪ್ಪಿಗೆ ಕಾಗದ ಹಿಡಿದು ಕಾಯುತ್ತಿದ್ದಳು. ನೇತ್ರಾ ಪೆನ್ನು ಕಸಿದು ತಾನೇ ಸಹಿ ಹಾಕಿದಳು.

ಎಚ್ಚರವಾದಾಗ ಸಂಜೆ. ಹೊದಿಕೆ ಒಂದು ಕಡೆ ಮೊಣಕಾಲಿಗಿಂತ ಮೇಲೆಯೇ ತಗ್ಗಿ, ಮುಂದೆ ಚಪ್ಪಟೆಯಾಗಿ ಬಿದ್ದಿತ್ತು.

"ಹೋತೇನು?"

"ಹೋತು." ಪಕ್ಕದಲ್ಲಿ ಕುಳಿತಿದ್ದ ಕೇದಾರಿ ಸುಳ್ಳು ಹೇಳಲಿಲ್ಲ.

ಅವಳು ಹೊದಿಕೆಯ ಚಪ್ಪಟೆ ಜಾಗ ಸವರಿದಳು. "ಕೇದಾರಿ... ನಿನ್ನ ಮ್ಯಾಲ ಜೀವ ಇಟ್ಟು ಭಾಳ ದಿನ ಆತು. ಕಾಲು ಇದ್ದಾಗ ಹೇಳಬೇಕಂದಿದ್ದೆ..."

"ಈಗ ಹೇಳಿದಿಯಲ್ಲ." ಅವನು ಮುಖ ಆಚೆ ತಿರುಗಿಸಿದ.

"ಅಳಾಕತ್ತಿಯೇನು?"

"ಇಲ್ಲ."

"ಹಂಗಾದ್ರ... ನಾ ಅಳಲೇನು?"

"ಅಳು. ಎಷ್ಟ ಬೇಕಷ್ಟ ಅಳು. ನಾ ಇಲ್ಲೇ ಕುಂತೇನಿ."